ಎಳನೀರೂ ಟೆಂಡರ್, ಮಂಡಿಯಲ್ಲೂ ಟೆಂಡರ್!



ಕಳೆದ ಸಂಚಿಕೆಯಲ್ಲಿ ಕೊಬ್ಬರಿ ಮಿಠಾಯಿಯ ಪಾಕ ಹದ ತಪ್ಪದಂತೆ ನೋಡಿಕೊಳ್ಳುವ ಬಗೆ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳಲ್ಲಿ ತುರುವೇಕೆರೆ ಕಡೆಯ ಒಬ್ಬ ತಾಯಿಯ ಪತ್ರ ಮಿಠಾಯಿಯ ಮಾತನ್ನೇ ಎತ್ತಿರಲಿಲ್ಲ. "ಅಕ್ಕಾ, ನನ್ನ ಮಗ ಆರನೇ ಕ್ಲಾಸು. ದಿನಾ ಹತ್ತು ಇಂಗ್ಲಿಷ್ ಪದ ಬಾಯಿಪಾಠ ಮಾಡಿಕೊಂಡು ಬಾ ಅಂತಾರೆ. ರಾತ್ರಿ ಗಿಣಿ ಹಾಗೆ ಒಪ್ಪಿಸ್ತಾನೆ, ಮೂರು ದಿನ ಬಿಟ್ಟು ಕೇಳಿದ್ರೆ ಒಂದೂ ಇಲ್ಲ. ನನಗೋ ಇಂಗ್ಲಿಷ್ ಬರಲ್ಲ. ನಾನು ಹೇಗೆ ಹೇಳಿಕೊಡಲಿ?" ಎಂದು ಬರೆದಿದ್ದರು. ಅದನ್ನು ಓದುತ್ತಾ ನಿಂತು ಒಲೆಯ ಮೇಲಿದ್ದ ಹಾಲು ಉಕ್ಕಿಸಿಬಿಟ್ಟೆ. ಯಾಕೆಂದರೆ ಅದು ನಮ್ಮ ಮನೆಯದೇ ಕಥೆ. ಈ ಸಲ ಆ ಕಥೆಯನ್ನೇ ಹೇಳುತ್ತೇನೆ, ಕೇಳಿ.

ಹೋದ ವರ್ಷ ನಮ್ಮ ಪುಟ್ಟಿ ಏಳನೇ ತರಗತಿ. ಕ್ಲಾಸಿನಲ್ಲಿ ಒಂದು ಕಿರುಪರೀಕ್ಷೆ ಕೊಟ್ಟರಂತೆ. ಹತ್ತು ಪದ, ಅರ್ಥ ಬರೆದು ವಾಕ್ಯದಲ್ಲಿ ಉಪಯೋಗಿಸಬೇಕು. ಅದರಲ್ಲಿ ಟೆಂಡರ್ ಅನ್ನುವುದೊಂದು. ಪಾಠದಲ್ಲಿ ಬಂದದ್ದು ತಾಯಿಯ ಟೆಂಡರ್ ಹೃದಯ, ಅಂದರೆ ಮೃದುವಾದ ಹೃದಯ ಅಂತ. ನಮ್ಮ ಹುಡುಗಿ ಅರ್ಥದ ಕಡೆ ಹರಾಜು ಅಂತ ಬರೆದು, ನಮ್ಮ ತಾತ ಟೆಂಡರಿಗೆ ಹೋಗುತ್ತಾರೆ ಅಂತ ಇಂಗ್ಲಿಷಿನಲ್ಲಿ ವಾಕ್ಯ ಮಾಡಿಬಿಟ್ಟಿದ್ದಾಳೆ! ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರಂತೆ. ತರಗತಿಗೆ ತರಗತಿಯೇ ನಕ್ಕಿತಂತೆ. ಅವತ್ತಿನಿಂದ ಅವಳಿಗೆ "ಟೆಂಡರು" ಅನ್ನೋ ಅಡ್ಡಹೆಸರು.

ಮಕ್ಕಳ ಹುಡುಗಾಟ, ನಾಲ್ಕು ದಿನಕ್ಕೆ ಮರೆತುಹೋಗುತ್ತೆ ಅಂತ ನಾನು ಸುಮ್ಮನಿದ್ದೆ. ಮರೆಯಲಿಲ್ಲ ನೋಡಿ. ತರಗತಿಯಲ್ಲಿ ಕೈ ಎತ್ತುವುದನ್ನೇ ಬಿಟ್ಟಳು. ಇಂಗ್ಲಿಷ್ ಪಿರಿಯಡ್ ಇದ್ದ ದಿನ ಬೆಳಿಗ್ಗೆ ಹೊಟ್ಟೆನೋವು. ಒಂದು ಸಂಜೆ ಪುಸ್ತಕ ಹಿಡಿದುಕೋ ಅಂತ ನಾನು ಗದರಿದ್ದಕ್ಕೆ, "ಅಮ್ಮಾ, ನಿಂಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ನಂಗೂ ಬರಲ್ಲ" ಅಂದುಬಿಟ್ಟಳು.

ನಿಜ ಹೇಳುತ್ತೇನೆ, ಆ ಮಾತು ಎದೆಗೆ ನಾಟಿತು. ನಾನು ಓದಿದ್ದು ಹೈಸ್ಕೂಲಿನವರೆಗೆ. ನಮ್ಮ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಎಬಿಸಿಡಿ ಶುರುವಾಗುತ್ತಿದ್ದುದೇ ಐದನೇ ತರಗತಿಯಲ್ಲಿ. ಆಮೇಲೆ 2007ರಿಂದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಬಂದವು. ಮಕ್ಕಳು ಮುಂದೆ ಹೋದರು, ತಾಯಂದಿರು ನಾವು ಐದನೇ ತರಗತಿಯ ಎಬಿಸಿಡಿಯ ಹತ್ತಿರವೇ ನಿಂತಿದ್ದೇವೆ. ಹೇಳಿಕೊಡುವುದಾದರೂ ಹೇಗೆ?

ಅಷ್ಟರಲ್ಲಿ ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಾ ಕೂತಿದ್ದ ನಮ್ಮ ಮಾವನವರು ಕೇಳಿದರು: "ಏನಂತೆ ಮಗೀದು?" ಹೇಳಿದೆ. ಅವರು ನಗಲಿಲ್ಲ. "ಅದ್ರಲ್ಲಿ ಏನವ್ವ ತಪ್ಪೈತೆ? ಕೊಬ್ಬರಿ ಮಾರಾಟಕ್ಕೆ ತಿಪಟೂರಿನ ಮಾರುಕಟ್ಟೆಗೆ ಹೋದ್ರೆ ನಡೆಯೋದು ಟೆಂಡರೇ ಅಲ್ವಾ? ಮಗ ಸರಿಯಾಗೇ ಬರ್ದೈತೆ" ಅಂದರು.

ಹೌದಲ್ಲ! ಮದುವೆಯಾಗಿ ಬಂದಾಗಿನಿಂದ ಆ ಪದವನ್ನು ದಿನ ಬೆಳಗಾದರೆ ಕೇಳುತ್ತಿದ್ದೇನೆ. ಇವತ್ತು ಟೆಂಡರ್ ಎಷ್ಟಕ್ಕೆ ನಿಂತಿತು ಅನ್ನುವುದರ ಮೇಲೆ ನಮ್ಮ ಮನೆಯ ಹಬ್ಬ, ಮದುವೆ, ಫೀಜು ಎಲ್ಲ ನಿಂತಿದೆ. ಒಳಗೆ ಹೋಗಿ ಟ್ರಂಕಿನಲ್ಲಿದ್ದ ನನ್ನ ಹಳೇ ಇಂಗ್ಲಿಷ್-ಕನ್ನಡ ನಿಘಂಟು ತಂದೆ. ಪುಟ್ಟಿಯ ಕೈಯಲ್ಲೇ ಹುಡುಕಿಸಿದೆ. ಅದರಲ್ಲಿ ಎರಡು ಅರ್ಥವೂ ಇದ್ದವು! ಎಳೆಯ, ಮೃದುವಾದ ಅನ್ನುವುದು ಒಂದು. ಇಷ್ಟು ಬೆಲೆ ಕೊಡುತ್ತೇನೆಂದು ಬರೆದು ಮುಂದಿಡುವುದು ಇನ್ನೊಂದು. ಅವಳು ತಟ್ಟನೆ, "ಅಮ್ಮಾ, ಬಿ.ಎಚ್. ರಸ್ತೆ ಎಳನೀರು ಗಾಡಿ ಮೇಲೆ ಟೆಂಡರ್ ಕೋಕನಟ್ ಅಂತ ಬರ್ದಿರುತ್ತಲ್ಲ!" ಅಂದಳು. ಎಳನೀರೂ ಟೆಂಡರ್, ಎಳೆಯದು ಅಂತ. ಅದೇ ಕಾಯಿ ಬಲಿತು ಕೊಬ್ಬರಿಯಾಗಿ ಮಂಡಿ ಸೇರಿದ ಮೇಲೆ ಅಲ್ಲಿಯದೂ ಟೆಂಡರ್. ಮೇಷ್ಟರಾಗಿರುವ ನನ್ನ ತಮ್ಮ ಆಮೇಲೆ ಹೇಳಿದ: ಈ ಎರಡು ಪದಗಳೂ ಲ್ಯಾಟಿನ್ ಭಾಷೆಯ ಬೇರೆ ಬೇರೆ ಮೂಲದಿಂದ ಫ್ರೆಂಚಿನ ಮೂಲಕ ಬಂದವಂತೆ. ಒಂದು ಎಳೆಯದು ಅನ್ನುವ ಪದದಿಂದ, ಇನ್ನೊಂದು ಚಾಚು, ಮುಂದಿಡು ಅನ್ನುವ ಪದದಿಂದ. ಸ್ಪೆಲಿಂಗ್ ಒಂದೇ, ವಂಶ ಬೇರೆ.

ಪುಟ್ಟಿ ಬರೆದದ್ದು ಆ ಪಾಠಕ್ಕೆ ಒಪ್ಪುತ್ತಿರಲಿಲ್ಲ, ಸರಿ. ಆದರೆ ಅವಳು ದಡ್ಡಿಯಲ್ಲ. ಬೇರೆ ಮಕ್ಕಳಿಗೆ ಗೊತ್ತಿಲ್ಲದ ಇನ್ನೊಂದು ಅರ್ಥ ಅವಳಿಗೆ ಮೊದಲೇ ಗೊತ್ತಿತ್ತು. ಅವತ್ತು ನನಗೆ ಹೊಳೆದದ್ದು ಇಷ್ಟು: ಸ್ಪೆಲಿಂಗ್ ಇರುವುದು ಶಾಲೆಯಲ್ಲಿ, ಅರ್ಥ ಇರುವುದು ಮನೆಯಲ್ಲಿ. ಎರಡನ್ನೂ ಗಂಟು ಹಾಕಿದರೆ ಪದ ಮಗುವಿನದಾಗುತ್ತೆ. ಗಂಟು ಹಾಕೋದಕ್ಕೆ ತಾಯಿಗೆ ಇಂಗ್ಲಿಷ್ ಬರಲೇಬೇಕು ಅಂತೇನೂ ಇಲ್ಲ.

ಮಾರನೇ ದಿನದಿಂದ ಮನೆ, ತೋಟವೇ ನಮಗೆ ಪಾಠದ ಪುಸ್ತಕವಾಯಿತು. ಒಂದು ತೆಂಗಿನಕಾಯಿ ಮುಂದಿಟ್ಟುಕೊಂಡು ಕೂತೆವು. ಹೊರಗಿನ ಮಟ್ಟೆ ಹಸ್ಕ್, ಚಿಪ್ಪು ಶೆಲ್, ಒಳಗಿನ ತಿರುಳು ಕರ್ನಲ್. "ಕರ್ನಲ್ ಅಂದ್ರೆ ಮಿಲಿಟರೀಲಿ ಇರೋರಲ್ವಾ?" ಅಂತ ಕೇಳಿದಳು. ಉಚ್ಚಾರಣೆ ಒಂದೇ, ಸ್ಪೆಲಿಂಗ್ ಬೇರೆ ಬೇರೆ ಅಂತ ನಿಘಂಟಿನಲ್ಲೇ ಸಿಕ್ಕಿತು. ಕಾಯಿಯೊಳಗೆ ಒಬ್ಬ ಕರ್ನಲ್ ಕೂತಿದ್ದಾನೆ ಅಂತ ನಕ್ಕೂ ನಕ್ಕೂ ಕಲಿತ ಆ ಎರಡು ಸ್ಪೆಲಿಂಗನ್ನು ಅವಳು ಇವತ್ತಿಗೂ ತಪ್ಪಿಲ್ಲ. ಗರಿಗೆ ಫ್ರಾಂಡ್, ಗೊನೆಗೆ ಬಂಚ್. ಮೋಟಾರಿನ ಕರೆಂಟ್ ನಮಗೆ ವಿದ್ಯುತ್ ಮಾತ್ರ, ಇಂಗ್ಲಿಷಿನಲ್ಲಿ ಹೊಳೆಯ ನೀರಿನ ಸೆಳೆತಕ್ಕೂ ಕರೆಂಟ್ ಅನ್ನುತ್ತಾರೆ, ಈಗಿನದು ಎನ್ನುವುದಕ್ಕೂ ಅದೇ ಪದ. ಕೋಕನಟ್ಟಿನಲ್ಲಿರುವ ನಟ್ ಕಾಯಿ, ಪಂಪ್‌ಸೆಟ್ಟಿನ ನಟ್ಟು ಬೋಲ್ಟಿನ ಜೋಡಿ. ಹೀಗೆ ಎಣಿಸುತ್ತಾ ಹೋದರೆ ನಾವು ಇಂಗ್ಲಿಷ್ ಬರದವರು ಬಾಯಲ್ಲಿ ಆಡುವ ಇಂಗ್ಲಿಷ್ ಪದಗಳು ಇನ್ನೂರು ಮುನ್ನೂರಾದರೂ ಇದ್ದಾವು!

ಇನ್ನೊಂದು ಸಂಗತಿ ಕೇಳಿದರೆ ನಿಮಗೂ ಖುಷಿಯಾಗುತ್ತೆ. ಇಂಗ್ಲಿಷಿನವರ ಕೋಪ್ರ ಅನ್ನುವ ಪದ ಮಲಯಾಳಂನ ಕೊಪ್ಪರದಿಂದ ಪೋರ್ಚುಗೀಸರ ಬಾಯಿ ಹಾದು ಹೋದದ್ದು, ನಮ್ಮ ಕೊಬ್ಬರಿಯ ದಾಯಾದಿ. ನಾರಿಗೆ ಅವರು ಹೇಳುವ ಕಾಯರ್ ಅನ್ನುವುದು ಹಗ್ಗ ಅನ್ನುವ ಅರ್ಥದ ಮಲಯಾಳಂ ಪದದಿಂದ ಬಂದದ್ದು. ಮ್ಯಾಂಗೋ, ಜಾಕ್‌ಫ್ರೂಟಿನ ಜಾಕ್, ಅಡಿಕೆಯ ಅರೆಕಾ, ಇವೂ ನಮ್ಮ ಕಡೆಯ ಭಾಷೆಗಳಿಂದ ಹೋದವೇ. ಪುಟ್ಟಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ಅವರೂ ನಮ್ಮ ಪದ ಬಾಯಿಪಾಠ ಮಾಡಿದಾರೆ" ಅಂದಳು. ಇಂಗ್ಲಿಷ್ ಅಂದರೆ ಇದ್ದ ಹೆದರಿಕೆ ಅರ್ಧ ಅವತ್ತೇ ಇಳಿಯಿತು.

ಆದರೆ ಅರ್ಥ ತಿಳಿದರೆ ಸಾಲದು, ನೆನಪೂ ಉಳಿಯಬೇಕಲ್ಲ. ತುರುವೇಕೆರೆಯ ತಂಗಿಯ ಪ್ರಶ್ನೆಯೂ ಅದೇ. ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಅಳೆದು 1885ರಲ್ಲಿ ಪುಸ್ತಕ ಬರೆದರಂತೆ. ಮರೆವು ಮೊದಲ ಗಂಟೆಗಳಲ್ಲೇ ಭರ್ರನೆ ಆಗುತ್ತೆ, ಆಮೇಲೆ ನಿಧಾನ. ಒಂದೇ ದಿನ ಕೂತು ಉರು ಹೊಡೆಯುವುದಕ್ಕಿಂತ ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ನೋಡಿದರೆ ಹೆಚ್ಚು ಉಳಿಯುತ್ತೆ ಅನ್ನುವುದು ಅವರು ಕಂಡುಕೊಂಡದ್ದು. ಅಂದಮೇಲೆ ರಾತ್ರಿ ಕಲಿತದ್ದು ಮರೆತರೆ ಅದು ಮಗುವಿನ ಸೋಮಾರಿತನವಲ್ಲ, ತಲೆಯ ಸ್ವಭಾವ. ಅದಕ್ಕೆ ಬೈದು ಪ್ರಯೋಜನವಿಲ್ಲ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಹೇಗೆ ಹೇಳಿ? ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಡುತ್ತೇವೆ. ನಡುನಡುವೆ ಒಂದೊಂದು ತೆಗೆದು ಅಲ್ಲಾಡಿಸಿ ನೋಡುತ್ತೇವೆ. ನೀರು ಇಂಗಿ, ಒಳಗಿನ ಉಂಡೆ ಚಿಪ್ಪು ಬಿಟ್ಟು ಗಡಗಡ ಅಂದಮೇಲೇ ಸುಲಿಯುವುದು. ಪದವೂ ಹಾಗೇ. ಒಳಗೆ ಹಾಕಿ, ಬಿಟ್ಟು, ಆಗಾಗ ಅಲ್ಲಾಡಿಸಿ ನೋಡಬೇಕು.

ಇದಕ್ಕೆ ಒಂದು ಸುಲಭ ಉಪಾಯವಿದೆ. ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತರು 1972ರಲ್ಲಿ ಜರ್ಮನ್ ಭಾಷೆಯ ತಮ್ಮ ಪುಸ್ತಕದಲ್ಲಿ ಹೇಳಿದ ಚೀಟಿ ಪೆಟ್ಟಿಗೆಯ ಪದ್ಧತಿ ಅದು. ತಮ್ಮ ಹೇಳಿಕೊಟ್ಟ, ನಾನು ನಮ್ಮ ಮನೆಗೆ ಹೊಂದುವಂತೆ ಮಾಡಿಕೊಂಡೆ. ಅಡುಗೆ ಬರೆಯುವ ಅಭ್ಯಾಸ ನೋಡಿ, ಇದನ್ನೂ ಹಾಗೇ ಬರೆಯುತ್ತೇನೆ.

ಬೇಕಾಗುವ ಸಾಮಾನು: ಹಳೇ ಲಗ್ನಪತ್ರಿಕೆಗಳು ಹತ್ತು ಹನ್ನೆರಡು, ಖಾಲಿ ಮಿಠಾಯಿ ಡಬ್ಬಗಳು ಮೂರು, ಒಂದು ಪೆನ್ನು, ದಿನಕ್ಕೆ ಹದಿನೈದು ನಿಮಿಷ, ಬೇಕಾದಷ್ಟು ತಾಳ್ಮೆ.

ಮಾಡುವ ವಿಧಾನ: ಲಗ್ನಪತ್ರಿಕೆಯ ಅಚ್ಚಾಗದ ಬದಿಯನ್ನು ಅಂಗೈ ಅಗಲದ ಚೀಟಿಗಳಾಗಿ ಕತ್ತರಿಸಿಕೊಳ್ಳಿ. ಎರಡು ಬದಿಯೂ ಅಚ್ಚಾಗಿದ್ದರೆ ಒಂದು ಬದಿಗೆ ಬಿಳಿ ಹಾಳೆ ಅಂಟಿಸಿ. ಒಂದು ಮಗ್ಗುಲಲ್ಲಿ ಮಗುವೇ ತನ್ನ ಕೈಯಾರೆ ಇಂಗ್ಲಿಷ್ ಪದ ಬರೆಯಲಿ. ಅದರ ಬೆನ್ನಿಗೆ ಕನ್ನಡ ಅರ್ಥ ಮತ್ತು ಮನೆಗೆ ಸಂಬಂಧಿಸಿದ ಒಂದು ಪುಟ್ಟ ವಾಕ್ಯ ಇರಲಿ. ದಿನಕ್ಕೆ ಹತ್ತು ಬೇಡ, ಐದು ಸಾಕು. ಶಾಲೆಯಲ್ಲಿ ಹತ್ತು ಕೊಟ್ಟಿದ್ದರೆ ಐದು ಬೆಳಿಗ್ಗೆ, ಐದು ಸಂಜೆ ಮಾಡಿ.

ಹೊಸ ಚೀಟಿಗಳೆಲ್ಲ ಒಂದನೇ ಡಬ್ಬಕ್ಕೆ. ಈ ಡಬ್ಬವನ್ನು ದಿನಾ ತೆಗೆಯಬೇಕು. ಪದ ನೋಡಿ ಅರ್ಥ ಸರಿಯಾಗಿ ಹೇಳಿದರೆ ಚೀಟಿ ಎರಡನೇ ಡಬ್ಬಕ್ಕೆ ಬಡ್ತಿ. ಎರಡನೆಯದನ್ನು ಮೂರು ದಿನಕ್ಕೊಮ್ಮೆ ತೆಗೆಯಿರಿ. ಅಲ್ಲೂ ಸರಿ ಹೇಳಿದರೆ ಮೂರನೆಯದಕ್ಕೆ. ಅದನ್ನು ವಾರಕ್ಕೊಮ್ಮೆ ತೆಗೆದರೆ ಸಾಕು, ನಾವು ಸಂತೆಯ ದಿನ ಅಂತ ಗೊತ್ತು ಮಾಡಿದ್ದೇವೆ. ಯಾವ ಡಬ್ಬದಲ್ಲಿ ತಪ್ಪಿದರೂ ಚೀಟಿ ಮತ್ತೆ ಒಂದನೆಯದಕ್ಕೆ ಬರಬೇಕು, ರಿಯಾಯಿತಿ ಇಲ್ಲ. ಬರುವ ಪದದ ಮೇಲೆ ಹೊತ್ತು ಕಳೆಯದೆ, ಬಾರದ ಪದವನ್ನೇ ಹೆಚ್ಚು ಸಲ ನೋಡುವಂತೆ ಆಗುವುದು ಈ ಪದ್ಧತಿಯ ಗುಟ್ಟು.

ತಾಯಿಗೆ ಇಂಗ್ಲಿಷ್ ಬರದಿದ್ದರೂ ಇದನ್ನು ಮಾಡಿಸಬಹುದು. ನೀವು ಕನ್ನಡದ ಮಗ್ಗುಲನ್ನು ನಿಮ್ಮ ಕಡೆ ಹಿಡಿದುಕೊಳ್ಳಿ, ಮಗು ಇಂಗ್ಲಿಷ್ ನೋಡಿ ಅರ್ಥ ಹೇಳಲಿ. ಆಮೇಲೆ ನೀವು ಕನ್ನಡ ಪದ ಹೇಳಿ, ಅವರು ಇಂಗ್ಲಿಷ್ ಸ್ಪೆಲಿಂಗ್ ಬರೆಯಲಿ. ಚೀಟಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡುವಷ್ಟು ಎಬಿಸಿಡಿ ನಮಗೆ ಬಂದರೆ ಸಾಕು.

ಕೆಲವು ಎಚ್ಚರಿಕೆಗಳು. ಕನ್ನಡದಲ್ಲಿ ಗೊತ್ತಿಲ್ಲದ್ದನ್ನು ಇಂಗ್ಲಿಷಿನಲ್ಲಿ ಉರು ಹೊಡೆಸಬೇಡಿ. ಮೊದಲು ಕನ್ನಡದಲ್ಲಿ ತಿಳಿಯಲಿ. ನಮ್ಮಲ್ಲಿ ಕುರುಂಬೆ, ಎಳನೀರು, ಕಾಯಿ, ಕೊಬ್ಬರಿ ಅಂತ ಒಂದೊಂದು ಹದಕ್ಕೆ ಒಂದೊಂದು ಹೆಸರಿದೆ. ಅದನ್ನೆಲ್ಲ ಬಿಟ್ಟು ಬರೀ ಕೋಕನಟ್ ಅನ್ನುವ ಮಗುವಿಗೆ ಒಂದು ಪದ ಸಿಕ್ಕಿ ಮೂರು ಪದ ಕಳೆದುಹೋದ ಹಾಗೆ. ಇನ್ನೊಂದು, ಒಂದು ಪದಕ್ಕೆ ಒಂದೇ ಅರ್ಥ ಅಂತ ಕಲಿಸಬೇಡಿ. ವಾಕ್ಯ ನೋಡಿ ಅರ್ಥ ಆರಿಸುವುದನ್ನು ಕಲಿಸಿ. ಇದು ನಮ್ಮ ಪುಟ್ಟಿ ಅತ್ತು ಕಲಿತ ಪಾಠ. ಕೊನೆಯದಾಗಿ, ತಪ್ಪಿಗೆ ನಗಬೇಡಿ. ಮನೆಯಲ್ಲೂ ನಗಬೇಡಿ, ನೆಂಟರ ಮುಂದೆಯಂತೂ ಬೇಡವೇ ಬೇಡ. ಪದ ಮರೆತರೆ ಮತ್ತೆ ಕಲಿಯಬಹುದು. ಬಾಯಿ ತೆರೆಯುವ ಧೈರ್ಯ ಹೋದರೆ ಅದನ್ನು ವಾಪಸು ತರುವುದು ಬಲು ಕಷ್ಟ.

ನಮ್ಮ ಸೀಮೆಯ ಮಕ್ಕಳಿಗೆ ಇಂಗ್ಲಿಷ್ ಹತ್ತುವುದಿಲ್ಲ ಅಂತ ಯಾರಾದರೂ ಅಂದರೆ ಅವರಿಗೆ ಇಬ್ಬರ ಹೆಸರು ಹೇಳಿ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡು, ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು 1926ರಲ್ಲಿ "ಇಂಗ್ಲಿಷ್ ಗೀತಗಳು" ಪ್ರಕಟಿಸಿದ ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಪ್ರೆಸಿಡೆಂಟ್ ಅನ್ನುವುದಕ್ಕೆ ರಾಷ್ಟ್ರಪತಿ ಎಂಬ ಪದ ಸೂಚಿಸಿದವರು ಎಂದು ಹೆಸರಾದ ತೀ.ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಎರಡು ಭಾಷೆಗಳ ನಡುವೆ ಓಡಾಡಿದವರು ಈ ತೆಂಗಿನ ನಾಡಿನಿಂದಲೇ ಬಂದಿದ್ದಾರೆ.

ಈಗ ನಮ್ಮ ಪುಟ್ಟಿಯ ಸಮಾಚಾರ. ಡಬ್ಬದ ಆಟ ಶುರು ಮಾಡಿದ ತಕ್ಷಣ ಮಾರ್ಕ್ಸು ಏಕಾಏಕಿ ಏರಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ನಿಧಾನವಾಗಿ, ಎರಡು ಮೂರು ಅಂತ ಏರುತ್ತಿದೆ. ಮೊದಮೊದಲು ನಾನೇ ಕರೆದು ಕೂರಿಸಬೇಕಾಗಿತ್ತು, ನಾಲ್ಕು ದಿನ ನಡೆದು ನಾಲ್ಕು ದಿನ ನಿಂತದ್ದೂ ಉಂಟು.

ಒಂದು ದಿನ ಮಾವನವರು ಕೊಬ್ಬರಿ ಮಾರಿ ಬಂದು ತೂಕದ ಚೀಟಿಯನ್ನು ಜಗಲಿಯ ಮೇಲಿಟ್ಟರು. ಪುಟ್ಟಿ ಎತ್ತಿಕೊಂಡು ಓದಿದಳು. "ತಾತ, ಇಲ್ಲಿ ಗ್ರಾಸ್ ಅಂತೈತೆ. ಗ್ರಾಸ್ ಅಂದ್ರೆ ಹುಲ್ಲಲ್ವಾ? ಇಲ್ಲಿ ಸ್ಪೆಲಿಂಗ್ ಬೇರೆ ಐತೆ. ಆಮೇಲೆ ನೆಟ್ ಅಂತೈತೆ, ಫೋನಿನ ನೆಟ್ಟಾ?"

ಮಾವನವರು ನಕ್ಕು, "ಹುಲ್ಲೂ ಅಲ್ಲ, ಫೋನೂ ಅಲ್ಲ ಕಣವ್ವ. ಮೊದಲ್ನೇದು ಚೀಲ ಸೇರಿಸಿ ತೂಗಿದ್ದು. ಎರಡ್ನೇದು ಚೀಲದ ತೂಕ ಕಳೆದು ನಮಗೆ ಉಳಿದದ್ದು. ದುಡ್ಡು ಕೊಡೋದು ಅದಕ್ಕೇ" ಅಂದರು.

ಒಂದಕ್ಷರ ಇಂಗ್ಲಿಷ್ ಬಾರದ ಎಪ್ಪತ್ತೆಂಟರ ಮುದುಕರು, ಎರಡು ಇಂಗ್ಲಿಷ್ ಪದಗಳ ಅರ್ಥವನ್ನು ಎಷ್ಟು ಚೊಕ್ಕವಾಗಿ ಹೇಳಿದರು ನೋಡಿ! ಅವಳು ಎದ್ದು ಹೋಗಿ ಎರಡು ಚೀಟಿ ಬರೆದು ಒಂದನೇ ಡಬ್ಬಕ್ಕೆ ಹಾಕಿದಳು. ನಾನು ಹೇಳಿರಲಿಲ್ಲ, ತಾನಾಗಿಯೇ. ಆ ವಾರ ತರಗತಿಯಲ್ಲಿ ಮತ್ತೆ ಕೈ ಎತ್ತಿದೆ ಅಂತ ಬಂದು ಹೇಳಿದಳು. ಉತ್ತರ ಸರಿಯಾಗಿತ್ತೋ ತಪ್ಪಾಗಿತ್ತೋ ನಾನು ಕೇಳಲಿಲ್ಲ.

ಮರೆತಿದ್ದೆ, ನಮ್ಮ ಮನೆಯಲ್ಲಿ ಈಗ ನಾಲ್ಕನೆಯ ಡಬ್ಬವೊಂದಿದೆ. ಅದು ನನ್ನದು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಪುಟ್ಟಿ ನನಗೆ ಪರೀಕ್ಷೆ ಮಾಡುತ್ತಾಳೆ. ತಪ್ಪಿದರೆ ಮುಲಾಜಿಲ್ಲದೆ ಚೀಟಿ ವಾಪಸು ಇಡುತ್ತಾಳೆ, ಆದರೆ ನಗುವುದಿಲ್ಲ. ತುರುವೇಕೆರೆಯ ತಂಗೀ, ನೀವೂ ಒಂದು ಡಬ್ಬ ನಿಮಗಾಗಿ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ದಿನಾ ಆಡುವ, ಆದರೆ ಸ್ಪೆಲಿಂಗ್ ಗೊತ್ತಿಲ್ಲದ ಪದಗಳನ್ನು ಮೊದಲು ಬರೆಯಿರಿ. ನಿಮ್ಮ ಮಗ ಏನಂದ ಅಂತ ನನಗೆ ಪತ್ರ ಬರೆಯುವುದನ್ನು ಮಾತ್ರ ಮರೆಯಬೇಡಿ.

ಮುಂದಿನ ಸಂಚಿಕೆಯಲ್ಲಿ, ಮಳೆಗಾಲದಲ್ಲಿ ಕೊಬ್ಬರಿಗೆ ಬೂಸಲು ಹಿಡಿಯದಂತೆ ಇಟ್ಟುಕೊಳ್ಳುವ ಬಗೆ.

ನಿಮ್ಮ ಅಕ್ಕ